ಎರಕದ ಊರಲ್ಲಿ ಎರವಲು ಅಚ್ಚೇಕೆ?

ರಾಖಿ, ಗಣೇಶ ಚೌತಿ, ದೀಪಾವಳಿ ಹತ್ತಿರ ಬಂದರೆ ಸಾಕು, ನಮ್ಮ ಟಿಳಕವಾಡಿ ಹುಡುಗ ಹುಡುಗಿಯರ ಇನ್‌ಸ್ಟಾಗ್ರಾಂ ತುಂಬ ರೆಸಿನ್ ವಸ್ತುಗಳದ್ದೇ ಮೆರವಣಿಗೆ. ಗಾಜಿನಂತೆ ಹೊಳೆಯುವ ಕೀ ಚೈನ್, ಗುಲಾಬಿ ಎಸಳು ಅಡಗಿಸಿಕೊಂಡ ಪೆಂಡೆಂಟ್, ಮದುವೆ ಹಾರದ ಹೂಗಳನ್ನು ಹಿಡಿದಿಟ್ಟ ಫ್ರೇಮ್. ಮನೆಯ ಒಂದು ಮೇಜಿನ ಮೇಲೆ ಶುರು ಮಾಡಬಹುದಾದ ಈ ಕೆಲಸ ನನಗೂ ಇಷ್ಟ. ಆದರೆ ಹತ್ತು ಪುಟ ನೋಡಿ, ಹತ್ತರಲ್ಲೂ ಅದೇ ಷಟ್ಕೋನದ ಕೋಸ್ಟರ್, ಅದೇ ಇಂಗ್ಲಿಷ್ ಅಕ್ಷರ, ಅದೇ ನೀಲಿ ಸಮುದ್ರ!

ಕಾರಣ ಸರಳ. ಎಲ್ಲರೂ ಆನ್‌ಲೈನ್‌ನಲ್ಲಿ ಸಿಗುವ ಅದೇ ಸಿಲಿಕಾನ್ ಅಚ್ಚುಗಳನ್ನು ತರಿಸುತ್ತಾರೆ. ಅಚ್ಚು ಒಂದೇ ಆದಾಗ ಪೈಪೋಟಿ ಉಳಿಯುವುದು ಬೆಲೆಯಲ್ಲಿ ಮಾತ್ರ. ಒಬ್ಬಳು 150 ರೂಪಾಯಿ ಎಂದರೆ ಇನ್ನೊಬ್ಬ 120 ಎನ್ನುತ್ತಾನೆ. ಕೊನೆಗೆ ರೆಸಿನ್ ಖರ್ಚು ಹುಟ್ಟಿದರೆ ಸಾಕಪ್ಪಾ ಎನ್ನುವ ಸ್ಥಿತಿ. ಅದಕ್ಕೇ ನಾನು ಹೇಳುವುದು, ಅಚ್ಚನ್ನು ನಾವೇ ಮಾಡಿಕೊಳ್ಳೋಣ.

ಹಾಗೆ ನೋಡಿದರೆ ನಮ್ಮದು ಅಚ್ಚಿನ ಊರು. ಟಿಳಕವಾಡಿಯ ಮೂರನೇ ರೈಲ್ವೆ ಗೇಟ್ ದಾಟಿ ಮುಂದೆ ಹೋದರೆ ಉದ್ಯಮಬಾಗ. ಅಲ್ಲಿನ ಫೌಂಡ್ರಿಗಳಲ್ಲಿ ಮೊದಲು ಪ್ಯಾಟರ್ನ್ ಸಿದ್ಧವಾಗುತ್ತದೆ. ಅದರ ಸುತ್ತ ಮರಳು, ಬೆಂಟೊನೈಟ್ ಜೇಡಿ, ನೀರು ಬೆರೆಸಿದ ಅಚ್ಚು, ಆಮೇಲೆ ಕರಗಿದ ಕಬ್ಬಿಣ. ಇತ್ತ ಖಾನಾಪುರದಲ್ಲಿ ಕುಂಬಾರಿಕೆ ಕಲಿಸಲೆಂದೇ ಖಾದಿ ಗ್ರಾಮೋದ್ಯೋಗ ಆಯೋಗದ ಸಂಸ್ಥೆಯಿದೆ. ಇಂಥ ನೆಲದಲ್ಲಿದ್ದುಕೊಂಡು ನಾವು ಅಚ್ಚಿಗಾಗಿ ಕೊರಿಯರ್ ಕಾಯುತ್ತ ಕೂರುವುದೇ?

ಮನೆಯಲ್ಲಿ ಅಚ್ಚು ಮಾಡುವುದು ಬ್ರಹ್ಮವಿದ್ಯೆಯಲ್ಲ. ಖಾನಾಪುರದ ಕಾಡಂಚಿನಲ್ಲಿ ಬಿದ್ದ ಒಂದು ಕಾಯಿ, ಅಜ್ಜಿಯ ಕಾಲದ ಕೆತ್ತನೆಯ ಮರದ ತುಂಡು, ನೀವೇ ಜೇಡಿಯಲ್ಲಿ ತಿದ್ದಿದ ಕನ್ನಡ ಅಕ್ಷರ, ಯಾವುದಾದರೂ ಮಾದರಿಯಾದೀತು. ಅದನ್ನು ತಳಕ್ಕೆ ಅಂಟಿಸಿ, ಸುತ್ತ ಪ್ಲಾಸ್ಟಿಕ್ ಹಾಳೆಯ ಗೋಡೆ ಕಟ್ಟಿ, ಎರಡು ಭಾಗಗಳ ಸಿಲಿಕಾನ್ ರಬ್ಬರನ್ನು ಅಳತೆಯಂತೆ ಬೆರೆಸಿ ಒಂದು ಮೂಲೆಯಿಂದ ನಿಧಾನವಾಗಿ ಸುರಿಯಬೇಕು. ಗಟ್ಟಿಯಾದ ಮೇಲೆ ಬಿಡಿಸಿದರೆ ಅಚ್ಚು ರೆಡಿ. ಮಾದರಿ ನುಣುಪಾಗಿದ್ದರೆ ಎರಕವೂ ನುಣುಪು, ಒರಟಾಗಿದ್ದರೆ ಎರಕವೂ ಮಂಕು. ಸಿಲಿಕಾನ್ ದುಬಾರಿ, ನಿಜ. ಆದರೆ ಒಂದೇ ಅಚ್ಚಿನಲ್ಲಿ ಹತ್ತಾರು ಸಲ ಎರೆಯಬಹುದು. ಆ ವಿನ್ಯಾಸ ಮಾತ್ರ ಬೇರೆ ಯಾರ ಪುಟದಲ್ಲೂ ಇರುವುದಿಲ್ಲ.

‘ಗ್ರಾಹಕರು ರೀಲ್ಸ್‌ನಲ್ಲಿ ನೋಡಿದ್ದನ್ನೇ ಕೇಳುತ್ತಾರೆ, ಏನು ಮಾಡೋದು?’ ಎನ್ನುವವರಿದ್ದಾರೆ. ಬೇರೆಯದನ್ನು ತೋರಿಸದೇ ಇದ್ದರೆ ಅವರಾದರೂ ಏನು ಕೇಳಿಯಾರು?

ಇನ್ನೊಂದು ಮಾತೂ ಇದೆ. ಫೌಂಡ್ರಿಯಲ್ಲಿ ಕೆಟ್ಟ ಎರಕ ಮತ್ತೆ ಕುಲುಮೆಗೆ ಹೋಗುತ್ತದೆ. ಸುಡದ ಮಡಕೆ ಒಡೆದರೆ ನೀರಿಗೆ ಬಿದ್ದು ಮತ್ತೆ ಮಣ್ಣಾಗುತ್ತದೆ. ಎಪಾಕ್ಸಿ ಹಾಗಲ್ಲ, ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಯಾರಿಗೂ ಬೇಡವಾದ ಕೋಸ್ಟರ್ ಸೀದಾ ಕಸದ ಗಾಡಿಗೆ. ಆದ್ದರಿಂದ ಅಗ್ಗದಲ್ಲಿ ನೂರು ಮಾಡುವ ಬದಲು ಜನ ಬಹುಕಾಲ ಇಟ್ಟುಕೊಳ್ಳುವಂಥ ಹತ್ತು ಮಾಡುವುದೇ ಲೇಸು.

ಅಗ್ಗದ ಓಟದಲ್ಲಿ ಮೊದಲು ಬಿಟ್ಟುಹೋಗುವುದು ಕೈಗವಸು. ಹಾರ್ಡನರ್ ಚರ್ಮಕ್ಕೆ ತಾಗುತ್ತಿದ್ದರೆ ಅಲರ್ಜಿ ಬರಬಹುದು, ಬಂದರೆ ಸುಲಭಕ್ಕೆ ಬಿಡುವುದಿಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಕಿಟಕಿ ಮುಚ್ಚಿ, ಅಡುಗೆಮನೆಯ ಕಟ್ಟೆಯ ಮೇಲೆ ರೆಸಿನ್ ಕಲಸುವುದಂತೂ ಬೇಡವೇ ಬೇಡ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಮೇಲ್ಮೈ ಬಿಳಿಚಿಕೊಂಡು ಅಂಟಂಟಾಗುವುದೂ ಉಂಟು. ಬಿಸಿ ಲೋಟ ಇಟ್ಟರೆ ಗುರುತು ಬೀಳಬಹುದು, ಬಿಸಿಲಿಗೆ ಹಳದಿಯಾಗಬಹುದು ಎಂಬುದನ್ನೂ ಕೊಳ್ಳುವವರಿಗೆ ಮೊದಲೇ ಹೇಳಬೇಕು.

ಇಷ್ಟೆಲ್ಲ ಶ್ರಮಕ್ಕೆ ತಕ್ಕ ಬೆಲೆ ಕೇಳಲು ನಾಚಿಕೆ ಯಾಕೆ? ‘ಟೈಂಪಾಸ್’ ಎಂದು ನಗುವವರ ಮುಂದೆ ನಮ್ಮದೇ ಅಚ್ಚಿನ ಒಂದು ವಸ್ತು ಇಡೋಣ. ಗೆಳೆಯರೇ, ಈ ದೀಪಾವಳಿಗೆ ಹೊಸ ಅಚ್ಚು ಆರ್ಡರ್ ಮಾಡುವ ಮೊದಲು ಒಮ್ಮೆ ಮನೆಯ ಅಟ್ಟ ಹುಡುಕಿ.