ಸಂಘದ ವಿಳಾಸ ಸಂಘದ್ದಾಗಿರಲಿ

ಹೊರನಾಡಿನ ಕನ್ನಡ ಸಂಘಗಳ ಪದಾಧಿಕಾರಿಗಳು ಒಂದೆಡೆ ಸೇರಿದಾಗ ಚರ್ಚೆಗೆ ಬರುವ ವಿಷಯಗಳು ನಮಗೆಲ್ಲ ಪರಿಚಿತವಾದವೇ: ಕಟ್ಟಡಕ್ಕೆ ಜಾಗ, ಕನ್ನಡ ಶಾಲೆಗೆ ಮಕ್ಕಳು, ರಾಜ್ಯೋತ್ಸವಕ್ಕೆ ಅತಿಥಿಗಳು, ಕರ್ನಾಟಕ ಸರ್ಕಾರದ ಅನುದಾನ. ಈ ಸಾಲಿನಲ್ಲಿ ಸಂಘದ ಇ-ಮೇಲ್ ವಿಳಾಸದ ಮಾತು ಬಂದದ್ದನ್ನು ನಾನು ಕೇಳಿಲ್ಲ. ಅದು ಕಾರ್ಯದರ್ಶಿಗಳ ಸ್ವಂತ ವ್ಯವಹಾರವೆಂದೂ, ಯಾರಾದರೂ ತರುಣರು ಅರ್ಧ ಗಂಟೆಯಲ್ಲಿ ಮಾಡಿಕೊಡುವ ಕೆಲಸವೆಂದೂ ನಾವು ತಿಳಿದಿದ್ದೇವೆ. ನಾನೂ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂದು ಮನವರಿಕೆಯಾದದ್ದು, ನಮಗೆ ಬರೆಯಲಾಗಿದ್ದರೂ ನಮ್ಮ ಕೈಸೇರದ ಒಂದು ಪತ್ರದಿಂದ.

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಶಾಲೆಯೊಂದರ ಶಿಕ್ಷಕರು, ತಮ್ಮ ಮಕ್ಕಳಿಗೆ ಓದಲು ಕನ್ನಡ ಪುಸ್ತಕಗಳು ಬೇಕೆಂದು ಪುಣೆಯ ನಮ್ಮ ಸಂಘಕ್ಕೆ ಬರೆದಿದ್ದರು. ಹಳೆಯ ಸ್ಮರಣ ಸಂಚಿಕೆಯೊಂದರ ಹಿಂಬದಿಯಲ್ಲಿ ಅಚ್ಚಾಗಿದ್ದ ಇ-ಮೇಲ್ ವಿಳಾಸಕ್ಕೆ ಬರೆದಿದ್ದರು. ಅದು ಆಗಿನ ಕಾರ್ಯದರ್ಶಿಗಳ ಸ್ವಂತ ವಿಳಾಸ. ಅವರು ಅಧಿಕಾರವನ್ನೂ, ಕೆಲವು ಕಾಲದ ನಂತರ ಪುಣೆಯನ್ನೂ ಬಿಟ್ಟು ಮಗನ ಊರಿಗೆ ಹೋದ ಮೇಲೆ ಆ ಪೆಟ್ಟಿಗೆಯನ್ನು ತೆರೆಯುವುದನ್ನೇ ನಿಲ್ಲಿಸಿದ್ದರು. ಹತ್ತು ತಿಂಗಳು ಕಳೆದ ಮೇಲೆ ಆ ಶಿಕ್ಷಕರು ಯಾರದೋ ಮದುವೆಗೆಂದು ಪುಣೆಗೆ ಬಂದವರು ಸಂಘದ ಕಚೇರಿಯನ್ನು ಹುಡುಕಿಕೊಂಡು ಬಂದರು. "ಆಗಂಗಿಲ್ಲ ಅಂತನಾದ್ರೂ ಒಂದು ಸಾಲು ಬರೀಬಹುದಿತ್ತಲ್ಲರೀ" ಎಂದರು. ಪುಸ್ತಕಗಳೇನೋ ನಮ್ಮಲ್ಲಿದ್ದವು; ದಾನವಾಗಿ ಬಂದು, ಯಾರೂ ಮುಟ್ಟದೆ ಎರಡು ಕಪಾಟುಗಳನ್ನು ತುಂಬಿಕೊಂಡಿದ್ದವು. ಅವರ ಪತ್ರ ಬಂದು ತಲುಪಬಹುದಾದ ವಿಳಾಸ ಮಾತ್ರ ನಮಗಿರಲಿಲ್ಲ.

ಆ ಕಾರ್ಯದರ್ಶಿಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಸಂಘಕ್ಕೆ ತನ್ನದೆಂಬ ವಿಳಾಸವಿಲ್ಲದಿದ್ದಾಗ ಅವರು ತಮ್ಮದನ್ನು ಕೊಟ್ಟರು. ದೋಷವು, ಅದನ್ನು ಸಾಲದೆಂದು ಭಾವಿಸದ ನಮ್ಮೆಲ್ಲರದು.

ಈ ದೋಷ ಇಂದು ನಿನ್ನೆಯದಲ್ಲ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ನಮ್ಮ ದೇಶದ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆದ ಮೇಲೆ ಪುಣೆಯ ಎಷ್ಟೋ ಸಂಸ್ಥೆಗಳು ತಮ್ಮ ಕಾಗದಗಳ ಮೇಲೆ ಹೆಮ್ಮೆಯಿಂದ ಇ-ಮೇಲ್ ವಿಳಾಸವನ್ನು ಅಚ್ಚು ಹಾಕಿಸಿದವು. ಆ ವಿಳಾಸಗಳಲ್ಲಿ ಅಟ್ ಚಿಹ್ನೆಯ ಬಲಕ್ಕೆ 'ಜಿಯಾಸ್ ಪಿಎನ್' ಎಂದು ಆರಂಭವಾಗುವ ಉದ್ದನೆಯ ಅಕ್ಷರಮಾಲೆ ಇರುತ್ತಿತ್ತು. ಪಿಎನ್ ಎಂದರೆ ಪುಣೆ. ಅಂದರೆ ವಿಳಾಸದ ಬಲಭಾಗವೆಲ್ಲ ನಿಗಮದ್ದು. ಎಡಭಾಗದ ನಾಲ್ಕು ಅಕ್ಷರಗಳಷ್ಟೇ ನಮ್ಮವು. 2002ರಲ್ಲಿ ನಿಗಮವು ಖಾಸಗಿಯವರ ಕೈಗೆ ಹೋಯಿತು, 2008ರಲ್ಲಿ ಅದರ ಹೆಸರೂ ಬದಲಾಯಿತು. ಆ ವಿಳಾಸಗಳು ಬಳಕೆಯಿಂದ ಮರೆಯಾದವು. ನಾವು ಕಾಗದಗಳನ್ನು ಮತ್ತೆ ಅಚ್ಚು ಹಾಕಿಸಿದೆವು. ಆನಂತರ ಬಂದ ಉಚಿತ ಪೆಟ್ಟಿಗೆಗಳಲ್ಲಿಯೂ ಬಲಭಾಗ ಮತ್ತೊಬ್ಬರದೇ ಆಗಿತ್ತು. ಸೇವೆ ಕೊಡುವವರು ಬದಲಾದಂತೆಲ್ಲ ವಿಳಾಸವೂ ಬದಲಾಗುತ್ತದೆ, ವಿಳಾಸ ಬದಲಾದಂತೆಲ್ಲ ಹಳೆಯ ಬಾಂಧವ್ಯದ ಒಂದಿಷ್ಟು ಎಳೆಗಳು ಕಡಿದುಹೋಗುತ್ತವೆ.

ಇದಕ್ಕೆ ಪರಿಹಾರ ಬಹು ಹಿಂದೆಯೇ ಸಿದ್ಧವಾಗಿದೆ. ಅಟ್ ಚಿಹ್ನೆಯ ಬಲಕ್ಕೆ ಸಂಘದ ಹೆಸರನ್ನೇ ಇರಿಸಿಕೊಳ್ಳುವುದು, ಎಂದರೆ ಸ್ವಂತದ ಡೊಮೇನ್ ಹೆಸರನ್ನು ನೋಂದಾಯಿಸಿಕೊಳ್ಳುವುದು. ಪತ್ರಗಳನ್ನು ಇಳಿಸಿಕೊಳ್ಳುವ, ಕಾಪಾಡುವ, ಕಳುಹಿಸುವ ಕೆಲಸವನ್ನು ಅದರಲ್ಲಿ ಪರಿಣತಿಯುಳ್ಳ ಬೇರೊಂದು ಕಂಪನಿಗೆ ಒಪ್ಪಿಸುವುದು. ಹೆಸರು ಒಬ್ಬರದು, ಯಂತ್ರ ಇನ್ನೊಬ್ಬರದು ಆಗಿರಲು ಬೇಕಾದ ಏರ್ಪಾಟು 1986ರಲ್ಲಿಯೇ ರೂಪುಗೊಂಡಿತು. ಎಂಎಕ್ಸ್ ದಾಖಲೆ ಎಂಬ ಒಂದು ಸಾಲು, "ಈ ಹೆಸರಿಗೆ ಬರುವ ಪತ್ರಗಳನ್ನು ಇಂಥ ಯಂತ್ರಕ್ಕೆ ಮುಟ್ಟಿಸಿರಿ" ಎಂದು ಲೋಕಕ್ಕೆ ಸಾರುತ್ತದೆ. ಯಂತ್ರ ಬದಲಾದರೆ ಆ ಸಾಲನ್ನು ತಿದ್ದಿದರಾಯಿತು. ಬರೆಯುವವರಿಗೆ ಅದರ ಸುಳಿವೂ ಹತ್ತುವುದಿಲ್ಲ.

ಪುಣೆಯ ಕನ್ನಡಿಗರಿಗೆ ಇದು ಹೊಸ ಅನುಭವವೇನಲ್ಲ. ಸದಾಶಿವ ಪೇಠೆಯ ವಾಡೆಯ ಬಾಡಿಗೆ ಕೋಣೆಗಳನ್ನು ಬಿಟ್ಟು ಕೋಥರೂಡಿನ ಫ್ಲ್ಯಾಟುಗಳಿಗೆ ಹೋದ ನಮ್ಮ ಹಿರಿಯರು 411030ರ ಅಂಚೆ ಕಚೇರಿಗೆ ಹೋಗಿ, ತಮ್ಮ ಪತ್ರಗಳನ್ನು 411038ಕ್ಕೆ ತಿರುಗಿಸಬೇಕೆಂದು ಅರ್ಜಿ ಬರೆದುಕೊಟ್ಟಿದ್ದರು. ಧಾರವಾಡದಿಂದ, ಉಡುಪಿಯಿಂದ ಬಂದ ಕಾಗದಗಳು ಅದರಿಂದಾಗಿ ತಪ್ಪದೆ ಮುಟ್ಟುತ್ತಿದ್ದವು. ಆ ಏರ್ಪಾಟು ಕೆಲವು ಕಾಲದ್ದು. ಡೊಮೇನ್ ಹೆಸರಿನದು, ನಾವು ಶುಲ್ಕ ಕಟ್ಟುವವರೆಗೂ ನಡೆಯುವಂಥದು. ಅಂತರ ಇಷ್ಟೇ.

ಈ ಸಲಹೆಯನ್ನು ಕಾರ್ಯಕಾರಿ ಸಮಿತಿಯ ಮುಂದಿಟ್ಟಾಗ ಎರಡು ದಿಕ್ಕಿನಿಂದ ಆಕ್ಷೇಪಗಳು ಬಂದವು. "ಉಚಿತ ಪೆಟ್ಟಿಗೆ ಇರುವಾಗ ಈ ಖರ್ಚು ಏಕೆ?" ಎಂದರು ತರುಣರು. ಹೆಸರಿಗೆ ತಗಲುವ ವಾರ್ಷಿಕ ಶುಲ್ಕವು ನಮ್ಮ ವಾರ್ಷಿಕೋತ್ಸವದ ಹೂವಿನ ಹಾರಗಳ ಖರ್ಚಿಗಿಂತ ಕಡಿಮೆ. ಅಲ್ಲದೆ ಉಚಿತವೆಂಬುದು ಕೊಡುವವರ ಮರ್ಜಿಗೆ ಒಳಪಟ್ಟದ್ದು. ಗೂಗಲ್ ಕಂಪನಿಯು 2006ರಲ್ಲಿ ಸ್ವಂತ ಡೊಮೇನ್ ಹೆಸರಿನವರಿಗೆ ಉಚಿತ ಸೇವೆಯನ್ನು ಆರಂಭಿಸಿ, 2012ರ ಡಿಸೆಂಬರಿನಲ್ಲಿ ಹೊಸಬರಿಗೆ ಆ ಬಾಗಿಲನ್ನು ಮುಚ್ಚಿತು. 2022ರ ಜನವರಿಯಲ್ಲಿ ಹಳಬರೂ ಹಣ ತೆರಬೇಕೆಂದು ಸಾರಿತು. ಪ್ರತಿಭಟನೆಯ ನಂತರ ಸ್ವಂತ ಬಳಕೆಯವರಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಆದರೆ ಅಲ್ಲಿದ್ದವರ ಹೆಸರು ಅವರದೇ ಆಗಿದ್ದುದರಿಂದ, ಬೇಡವೆನಿಸಿದವರು ಬೇರೆ ಕಡೆಗೆ ಹೋಗಬಹುದಾಗಿತ್ತು; ವಿಳಾಸ ಬದಲಿಸುವ ಪ್ರಮೇಯವೇ ಬರಲಿಲ್ಲ. ನಮ್ಮ ವಾದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಹಿರಿಯರ ಆಕ್ಷೇಪ ಇನ್ನೊಂದು ಬಗೆಯದು. "ಸದಸ್ಯರ ಪಟ್ಟಿ, ಲೆಕ್ಕಪತ್ರ, ಒಳಗಿನ ಮಾತುಕತೆ ಎಲ್ಲವನ್ನೂ ಅನ್ಯರ ಯಂತ್ರದಲ್ಲಿ ಏಕೆ ಇಡಬೇಕು? ನಮ್ಮದೇ ಕಚೇರಿಯಲ್ಲಿ ಒಂದು ಯಂತ್ರ ಇಡಬಾರದೆ?" ಈ ಪ್ರಶ್ನೆಯ ಹಿಂದಿನ ಸ್ವಾಭಿಮಾನ ಗೌರವಕ್ಕೆ ಅರ್ಹವಾದುದು. ಆದರೆ ಅಂಥ ಯಂತ್ರಕ್ಕೆ ಹಗಲಿರುಳು ವಿದ್ಯುತ್ತು ಬೇಕು, ಕಳ್ಳಪತ್ರಗಳನ್ನು ತಡೆಯುವ ಕಾವಲು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಬೇರೆ ಯಂತ್ರಗಳು ಅದನ್ನು ನಂಬಬೇಕು. ಅಪರಿಚಿತ ಯಂತ್ರದಿಂದ ಹೊರಟ ಪತ್ರಗಳನ್ನು ದೊಡ್ಡ ಕಂಪನಿಗಳು ಸಂಶಯದಿಂದಲೇ ನೋಡುತ್ತವೆ. ವಾರಕ್ಕೊಮ್ಮೆ ಕಚೇರಿಯ ಬೀಗ ತೆರೆಯುವ ಸಂಘಕ್ಕೆ ಇದು ಸಾಧ್ಯವಾದ ಕೆಲಸವಲ್ಲ. ಇಷ್ಟಕ್ಕೂ ಕಾರ್ಯದರ್ಶಿಗಳ ಸ್ವಂತ ಪೆಟ್ಟಿಗೆಯೂ ಅನ್ಯರ ಯಂತ್ರದಲ್ಲಿಯೇ ಇತ್ತು. ಅದರ ಮೇಲೆ ಸಂಘಕ್ಕೆ ಯಾವ ಹಕ್ಕೂ ಇರಲಿಲ್ಲ. ಆದರೂ ಹಿರಿಯರ ಆತಂಕವನ್ನು ತಳ್ಳಿಹಾಕದೆ, ವರ್ಷಕ್ಕೊಮ್ಮೆ ಎಲ್ಲ ಪತ್ರಗಳ ಒಂದು ಪ್ರತಿಯನ್ನು ತೆಗೆದು ಸಂಘದ ಕಪಾಟಿನಲ್ಲಿ ಇಡುವುದೆಂದು ನಿರ್ಣಯಿಸಿದೆವು.

ಹಿರಿಯರಿಗೆ ಸಮಾಧಾನ ತಂದ ಇನ್ನೊಂದು ನಿದರ್ಶನವಿದೆ. ಭಾರತ ಸರ್ಕಾರದ ಇ-ಮೇಲ್ ವ್ಯವಸ್ಥೆಯೇ ತಮಿಳುನಾಡಿನ ಜೋಹೊ ಕಂಪನಿಯ ವೇದಿಕೆಗೆ ಸ್ಥಳಾಂತರಗೊಂಡಿದೆ. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ವಿಳಾಸಗಳು ಅಲ್ಲಿಗೆ ಹೋಗಿವೆಯೆಂದು 2025ರ ಅಕ್ಟೋಬರಿನಲ್ಲಿ ಪತ್ರಿಕೆಗಳು ವರದಿ ಮಾಡಿದವು. ಆದರೆ ಆ ನೌಕರರ ವಿಳಾಸದ ಬಲಭಾಗದಲ್ಲಿ ಇಂದಿಗೂ ಸರ್ಕಾರದ ಹೆಸರೇ ಇದೆ, ಕಂಪನಿಯ ಹೆಸರಲ್ಲ. ಸರ್ಕಾರವೇ ಅನುಸರಿಸಿದ ಈ ದಾರಿಯಲ್ಲಿ ನಮ್ಮಂಥ ಸಣ್ಣ ಸಂಘಗಳು ನಡೆಯಲು ಹಿಂಜರಿಯಬೇಕಾಗಿಲ್ಲ.

ಇನ್ನು ನಮ್ಮ ತಪ್ಪುಗಳ ಮಾತು. ಬೇರೆ ಸಂಘಗಳಿಗೆ ಉಪಯೋಗವಾದೀತೆಂದು ಅವನ್ನು ಮುಚ್ಚಿಡದೆ ಹೇಳುತ್ತೇನೆ. ಮೊದಲನೆಯದಾಗಿ, ಹೊಸ ಎಂಎಕ್ಸ್ ದಾಖಲೆಯನ್ನು ಸೇರಿಸಿದ ನಾವು ಹಳೆಯದನ್ನು ಅಳಿಸಲಿಲ್ಲ. ನಮ್ಮ ಜಾಲತಾಣವನ್ನು ಇರಿಸಿಕೊಂಡ ಕಂಪನಿಯು ತನ್ನ ಜಾಗದ ಜೊತೆಗೆ ಪುಕ್ಕಟೆಯಾಗಿ ಕೊಟ್ಟಿದ್ದ ಪೆಟ್ಟಿಗೆಗೆ ಕೆಲವು ಪತ್ರಗಳು ಹೋದವು, ಕೆಲವು ಹೊಸದಕ್ಕೆ ಬಂದವು. ಜಾಲತಾಣವನ್ನು ಇರಿಸಿಕೊಳ್ಳುವವರು, ಹೆಸರನ್ನು ನೋಂದಾಯಿಸಿಕೊಡುವವರು, ಇ-ಮೇಲ್ ನಡೆಸುವವರು ಮೂವರೂ ಬೇರೆ ಬೇರೆಯಾಗಿರಬಹುದು ಎಂಬುದು ನಮಗೆ ಅರ್ಥವಾದದ್ದು ಆಮೇಲೆ.

ಎರಡನೆಯ ತಪ್ಪು ಹೆಚ್ಚು ದುಬಾರಿಯಾಯಿತು. ಸಂಘದ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಯಂತ್ರಗಳಿಗೆ ಅಧಿಕಾರವಿದೆ ಎಂದು ಸಾರುವ ದಾಖಲೆಗೆ ಎಸ್‌ಪಿಎಫ್ ಎಂದು ಹೆಸರು. ಅದು ಒಂದು ಹೆಸರಿಗೆ ಒಂದೇ ಇರಬೇಕು. ನಾವು ಹಳೆಯ ಕಂಪನಿಯದನ್ನು ಹಾಗೆಯೇ ಬಿಟ್ಟು ಹೊಸದನ್ನೂ ಬರೆದೆವು. ಎರಡಿದ್ದರೆ ಪತ್ರ ಸ್ವೀಕರಿಸುವ ಯಂತ್ರವು ಎರಡನ್ನೂ ಲೆಕ್ಕಕ್ಕೆ ಹಿಡಿಯದೆ ದೋಷವೆಂದು ಗಣಿಸುತ್ತದೆ. ಪರಿಣಾಮವಾಗಿ ಆ ವರ್ಷದ ರಾಜ್ಯೋತ್ಸವದ ಆಮಂತ್ರಣಗಳು ಬಹುಪಾಲು ಸದಸ್ಯರ ಕಸದ ಪೆಟ್ಟಿಗೆಗೆ ಬಿದ್ದವು. ಸಭಾಂಗಣದ ಖಾಲಿ ಕುರ್ಚಿಗಳನ್ನು ಕಂಡು ಪುಣೆಯಲ್ಲಿ ಕನ್ನಡಾಭಿಮಾನ ಕುಗ್ಗಿತೆಂದು ಕೆಲವರು ಮರುಗಿದರು. ಕುಂದು ಇದ್ದದ್ದು ಆ ಒಂದು ಸಾಲಿನಲ್ಲಿ.

ಇದರ ಜೊತೆಗೆ ಇನ್ನೆರಡು ದಾಖಲೆಗಳಿವೆ. ಡಿಕೆಐಎಂ ಎಂಬುದು ಪ್ರತಿ ಪತ್ರಕ್ಕೂ ಒತ್ತುವ ಮುದ್ರೆಯಂತೆ. ದಾರಿಯಲ್ಲಿ ಯಾರೂ ತಿದ್ದಿಲ್ಲವೆಂಬುದಕ್ಕೆ ಅದು ಸಾಕ್ಷಿ. ಮುದ್ರೆ ತಾಳೆಯಾಗದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ತಿಳಿಸುವುದು ಡಿಮಾರ್ಕ್. ಗೂಗಲ್ ಮತ್ತು ಯಾಹೂ ಕಂಪನಿಗಳು 2024ರ ಫೆಬ್ರವರಿಯಿಂದ ಇಂಥ ದಾಖಲೆಗಳನ್ನು ಕಡ್ಡಾಯಗೊಳಿಸಿವೆ: ಭಾರಿ ಸಂಖ್ಯೆಯಲ್ಲಿ ಪತ್ರ ಕಳುಹಿಸುವವರಿಗೆ ಮೂರೂ ಬೇಕು, ಉಳಿದವರಿಗೂ ಮೊದಲೆರಡರಲ್ಲಿ ಒಂದಾದರೂ ಇರಬೇಕು. ಸಂಘದ ಖಜಾಂಚಿಗಳ ಹೆಸರಿನಲ್ಲಿ ಯಾರೋ ವಂಚಕರು ವಂತಿಗೆ ಕೇಳಿ ಪತ್ರ ಬರೆಯುವುದನ್ನು ತಡೆಯಲು ಕೂಡ ಇವು ನೆರವಾಗುತ್ತವೆ.

ದಾಖಲೆಗಳನ್ನು ತಿದ್ದಿದ ಕೂಡಲೇ ಲೋಕಕ್ಕೆಲ್ಲ ಅದು ತಿಳಿಯುವುದಿಲ್ಲ. ಒಂದೆರಡು ದಿನಗಳೇ ಹಿಡಿಯಬಹುದು. ಆದ್ದರಿಂದ ಈ ಕೆಲಸವನ್ನು ಕಾರ್ಯಕ್ರಮದ ಮುನ್ನಾದಿನ ಹಮ್ಮಿಕೊಳ್ಳಬಾರದು. ಹಳೆಯ ಪೆಟ್ಟಿಗೆಯನ್ನು ಕೆಲವು ತಿಂಗಳು ಇರಿಸಿಕೊಂಡು, ಅಲ್ಲಿನ ಪತ್ರಗಳನ್ನೆಲ್ಲ ಹೊಸದಕ್ಕೆ ಸಾಗಿಸಿದ ಮೇಲಷ್ಟೇ ಮುಚ್ಚಬೇಕು.

ಆದರೆ ತಾಂತ್ರಿಕ ವಿವರಗಳು ಕಲಿತರೆ ಬರುತ್ತವೆ. ಕಲಿತರೂ ನಾವು ತಪ್ಪುವುದು ಬೇರೊಂದು ಕಡೆ. ಡೊಮೇನ್ ಹೆಸರನ್ನು ಯಾರ ಹೆಸರಿನಲ್ಲಿ ನೋಂದಾಯಿಸಲಾಗಿದೆ? ಉತ್ಸಾಹಿ ತರುಣರೊಬ್ಬರು ತಮ್ಮ ಹೆಸರಿನಲ್ಲಿ, ತಮ್ಮ ಮೊಬೈಲ್ ಸಂಖ್ಯೆ ಕೊಟ್ಟು, ತಮ್ಮ ಕಾರ್ಡಿನಿಂದ ಹಣ ತೆತ್ತು ನೋಂದಾಯಿಸಿ, ಮೂರು ವರ್ಷಗಳ ನಂತರ ಉದ್ಯೋಗಕ್ಕೆಂದು ವಿದೇಶಕ್ಕೆ ಹೋದರೆ ಸಂಘದ ಪಾಡು ಮೊದಲಿನಂತೆಯೇ. ನವೀಕರಣದ ಎಚ್ಚರಿಕೆಗಳೆಲ್ಲ ಅವರಿಗೆ ಹೋಗುತ್ತವೆ. ಅವಧಿ ತೀರಿದ ಹೆಸರನ್ನು ಯಾರು ಬೇಕಾದರೂ ಕೊಂಡುಕೊಳ್ಳಬಹುದು. ಕೊಂಡವರಿಗೆ ಸಂಘದ ಹೆಸರಿಗೆ ಬರುವ ಪತ್ರಗಳನ್ನೆಲ್ಲ ಓದುವ ಅವಕಾಶವೂ ದೊರೆಯುತ್ತದೆ. ಸಂಘದ ನಿವೇಶನವನ್ನು ಕಾರ್ಯದರ್ಶಿಗಳ ಸ್ವಂತ ಹೆಸರಿನಲ್ಲಿ ನೋಂದಾಯಿಸಲು ನಾವು ಒಪ್ಪುತ್ತೇವೆಯೆ? ಬ್ಯಾಂಕಿನ ಖಾತೆಗೆ ಇಬ್ಬರ ಸಹಿ ಬೇಕೆಂದು ನಿಯಮ ಮಾಡಿದ ನಾವು ಇಲ್ಲಿ ಏಕೆ ಉದಾಸೀನರಾಗಿದ್ದೇವೆ?

ಆದ್ದರಿಂದ ನನ್ನ ಸೂಚನೆ ಇದು. ಡೊಮೇನ್ ಹೆಸರನ್ನು ಸಂಘದ ಹೆಸರಿನಲ್ಲಿಯೇ ನೋಂದಾಯಿಸಬೇಕು. ಹತ್ತು ವರ್ಷಗಳವರೆಗೆ ಒಟ್ಟಿಗೆ ಶುಲ್ಕ ಕಟ್ಟಲು ಅವಕಾಶವಿದೆ, ಅದನ್ನು ಬಳಸಿಕೊಳ್ಳಬೇಕು. ಗುಪ್ತಪದಗಳು ಕನಿಷ್ಠ ಇಬ್ಬರು ಪದಾಧಿಕಾರಿಗಳ ಬಳಿ ಇರಬೇಕು. ಅಧಿಕಾರ ಹಸ್ತಾಂತರದ ದಿನ ನಡಾವಳಿ ಪುಸ್ತಕ, ಚೆಕ್ ಪುಸ್ತಕಗಳ ಜೊತೆಗೆ ಇವೂ ಹಸ್ತಾಂತರವಾಗಬೇಕು. ವಿಳಾಸಗಳು ವ್ಯಕ್ತಿಗಳ ಹೆಸರಿನಲ್ಲಿರದೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಸಂಪಾದಕ ಎಂಬ ಹುದ್ದೆಗಳ ಹೆಸರಿನಲ್ಲಿರಬೇಕು. ವ್ಯಕ್ತಿಗಳು ಬದಲಾಗಲಿ, ಬದಲಾಗಬೇಕು ಕೂಡ. ಬಂದ ಪತ್ರಗಳೂ ಕೊಟ್ಟ ಉತ್ತರಗಳೂ ಮುಂದಿನವರಿಗೆ ಉಳಿಯಬೇಕು. ನಾಳೆ ಯಾರಾದರೂ ಪುಣೆಯ ಕನ್ನಡಿಗರ ಇತಿಹಾಸವನ್ನು ಬರೆಯಹೊರಟರೆ ಇಂದಿನ ದಿನಗಳಿಗೆ ಆಧಾರವಾಗಿ ಅವರಿಗೆ ದೊರೆಯಬಹುದಾದದ್ದು ಬಹುಮಟ್ಟಿಗೆ ಈ ಪೆಟ್ಟಿಗೆಯೊಂದೇ.

ಕನ್ನಡ ಲಿಪಿಯಲ್ಲಿಯೇ ವಿಳಾಸ ಬೇಕೆಂಬ ಆಸೆ ಹಲವರದು, ನನ್ನದೂ ಹೌದು. ಕನ್ನಡ ಅಕ್ಷರಗಳ 'ಡಾಟ್ ಭಾರತ' ಹೆಸರುಗಳು ಈಗ ದೊರೆಯುತ್ತವೆ. 1988ರಲ್ಲಿ ಇದೇ ಪುಣೆಯಲ್ಲಿ ನೆಲೆಗೊಂಡ ಸಿ-ಡ್ಯಾಕ್ ಸಂಸ್ಥೆ ಭಾರತೀಯ ಲಿಪಿಗಳನ್ನು ಗಣಕಕ್ಕೆ ತರುವಲ್ಲಿ ಮಾಡಿದ ಕೆಲಸವನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಆದರೆ ಇ-ಮೇಲ್ ವಿಳಾಸದಲ್ಲಿ ಅನ್ಯ ಲಿಪಿಗಳಿಗೆ ಎಡೆಮಾಡುವ ನಿಯಮಗಳು 2012ರಲ್ಲಿ ಹೊರಬಂದಿದ್ದರೂ ಎಲ್ಲ ಕಂಪನಿಗಳೂ, ಅರ್ಜಿ ನಮೂನೆಗಳೂ ಅಂಥ ವಿಳಾಸಗಳನ್ನು ಇನ್ನೂ ಸ್ವೀಕರಿಸುವುದಿಲ್ಲ. ಅಲ್ಲಿಯವರೆಗೆ ರೋಮನ್ ಲಿಪಿಯ ವಿಳಾಸವನ್ನು ಇರಿಸಿಕೊಂಡು, ಪತ್ರಗಳನ್ನಾದರೂ ಕನ್ನಡದಲ್ಲಿ ಬರೆಯೋಣ. ಪದಾಧಿಕಾರಿಗಳು ತಮ್ಮತಮ್ಮಲ್ಲಿಯೇ ಇಂಗ್ಲಿಷಿನಲ್ಲಿ ಪತ್ರ ಬರೆದುಕೊಳ್ಳುವಾಗ ವಿಳಾಸವೊಂದು ಕನ್ನಡದಲ್ಲಿದ್ದು ಫಲವೇನು?

ಜತ್ತದ ಶಿಕ್ಷಕರಿಗೆ ಆ ಎರಡು ಕಪಾಟುಗಳಿಂದ ಆಯ್ದ ಪುಸ್ತಕಗಳನ್ನು ಕಳುಹಿಸಿದೆವು. ಅವು ತಲುಪಿದ ಬಗ್ಗೆ ಅವರು ಬರೆದ ಪತ್ರ ಸಂಘದ ಹೊಸ ವಿಳಾಸಕ್ಕೆ ಬಂದಿತು. ಅದನ್ನು ತೆರೆದು ಓದಿದವರು ಈಗಿನ ಕಾರ್ಯದರ್ಶಿಗಳು. ಬರುವ ಚುನಾವಣೆಯಲ್ಲಿ ಅವರು ಮತ್ತೆ ನಿಲ್ಲುವುದಿಲ್ಲವಂತೆ. ಆ ಶಾಲೆಯಿಂದ ಇನ್ನೊಂದು ಪತ್ರ ಬಂದರೆ ಅವರ ನಂತರ ಬರುವವರು ಅದಕ್ಕೆ ಉತ್ತರ ಬರೆಯುತ್ತಾರೆ.