ಪೇಪರ್‌ನೋರ ಎರಡು ಲೆಕ್ಕ

ಪತ್ರಿಕೆಯವರ ಹತ್ತಿರ ಎರಡು ಲೆಕ್ಕ ಇರುತ್ತೆ. ಒಂದು, ಎಷ್ಟು ಪ್ರತಿ ಮಾರಾಟ ಆಯ್ತು ಅನ್ನೋದು. ಅದನ್ನು ಪರಿಶೀಲಿಸೋಕೆ 1948ರಲ್ಲಿ ಶುರುವಾದ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಇದೆ. ಇನ್ನೊಂದು, ಎಷ್ಟು ಜನ ಓದಿದ್ರು ಅನ್ನೋದು. ಅದಕ್ಕೆ ಇಂಡಿಯನ್ ರೀಡರ್‌ಶಿಪ್ ಸರ್ವೆ ಅಂತ ಬೇರೆಯೇ ಸಮೀಕ್ಷೆ ಬಂತು. ಎರಡನೇ ಸಂಖ್ಯೆ ದೊಡ್ಡದು. ಯಾಕಂದ್ರೆ ಒಂದು ಪೇಪರನ್ನು ಒಬ್ಬರೇ ಓದಿ ಮಡಚಿಡೋ ಮನೆ ನಮ್ಮಲ್ಲಿ ಕಡಿಮೆ. ಅಜ್ಜ, ಅಮ್ಮ, ಮಹಡಿ ಮೇಲಿನ ಬಾಡಿಗೆಯವರು, ಕಟಿಂಗ್ ಶಾಪ್‌ನಲ್ಲಿ ಸರದಿ ಕಾಯೋರು, ಇವರ್ಯಾರೂ ಕಾಸು ಕೊಟ್ಟವರಲ್ಲ. ಆದ್ರೂ ಜಾಹೀರಾತು ಮಾರುವಾಗ ಇವರನ್ನೆಲ್ಲ ತೋರಿಸಿ "ನೋಡಿ, ನಮ್ಮ ಓದುಗರು" ಅಂತ ಎದೆ ಉಬ್ಬಿಸ್ತಾರೆ.

ಅದೇ ಪೇಪರು ಮೊಬೈಲಿಗೆ ಬಂದ ಕೂಡ್ಲೇ ಇದೇ ಜನ ಕಳ್ಳರಾಗಿಬಿಡ್ತಾರೆ!

ನಾನು ಬೆಂಗಳೂರಲ್ಲಿ, ಅಪ್ಪ ಅಮ್ಮ ಹಾಸನದಲ್ಲಿ. ಒಂದು ಇಂಗ್ಲಿಷ್ ಪತ್ರಿಕೆಗೆ ವರ್ಷದ ಚಂದಾ ಕಟ್ಟಿದ್ದೀನಿ. ಬೆಳಗ್ಗೆ ಅಪ್ಪ ಸಂಪಾದಕೀಯ ತೆರೆದರೆ ಮೆಟ್ರೋದಲ್ಲಿ ನಿಂತಿರೋ ನಾನು ಲಾಗೌಟ್. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ, "ಇದು ಪರ್ಸನಲ್ ಅಕೌಂಟು ಸರ್, ಫಾದರ್‌ಗೆ ಇನ್ನೊಂದು ತಗೊಳ್ಳಿ" ಅಂದ್ರು. ಹಾಸನದ ಮನೆಯಲ್ಲಿ ಮೇನ್ ಶೀಟ್ ಅಪ್ಪನಿಗೆ, ಪುರವಣಿ ಅಮ್ಮನಿಗೆ, ಕ್ರೀಡಾ ಪುಟ ನನಗೆ ಅಂತ ಹಂಚಿಕೊಂಡೇ ಓದ್ತಿದ್ವಿ. ಮೂರು ಜನರ ದುಡ್ಡು ಕೊಡಿ ಅಂತ ಪೇಪರ್ ಹಾಕೋ ಹುಡುಗ ಯಾವತ್ತೂ ಕೇಳಲಿಲ್ಲ.

"ಹಾಗಾದ್ರೆ ವರದಿಗಾರರಿಗೆ ಸಂಬಳ ಎಲ್ಲಿಂದ ಕೊಡೋದು?" ನ್ಯಾಯವಾದ ಪ್ರಶ್ನೆ. ಕಾಗದದ ಪ್ರತಿ ಒಂದು ಹೊತ್ತಿಗೆ ಒಂದೇ ಕಡೆ ಇರುತ್ತೆ, ಪಾಸ್‌ವರ್ಡ್ ನಲವತ್ತು ಕಡೆ ಇರಬಲ್ಲದು. ಆಫೀಸಿನ ವಾಟ್ಸಾಪ್ ಗ್ರೂಪಿಗೆ ಲಾಗಿನ್ ಎಸೆಯೋರನ್ನು ನಾನು ಸಮರ್ಥಿಸಲ್ಲ. ತಿಂಗಳಿಗೆ ಎರಡು ಕಾಫಿ ದುಡ್ಡು ಉಳಿಸೋಕೆ ಐಟಿಯವರು ಮಾಡೋ ಈ ಜಿಪುಣತನ ನೋಡಿದ್ರೆ ನಗು ಬರುತ್ತೆ. ಮಿತಿ ಇರಲಿ, ಆದ್ರೆ ಅದನ್ನು ಮನೆ ನೋಡಿ ಹಾಕಿ, ಡಿವೈಸ್ ನೋಡಿ ಅಲ್ಲ. ಕೆಲಸಕ್ಕೆ ಅಂತ ಮಗಳು ಪಿಜಿ ಸೇರಿದ ಮಾತ್ರಕ್ಕೆ ಆ ಮನೆಯವಳಲ್ಲದೆ ಹೋಗ್ತಾಳಾ?

ನೆಟ್‌ಫ್ಲಿಕ್ಸ್ 2017ರಲ್ಲಿ ಪಾಸ್‌ವರ್ಡ್ ಹಂಚೋದೇ ಪ್ರೀತಿ ಅಂತ ಟ್ವೀಟ್ ಮಾಡಿ, 2023ರಲ್ಲಿ ಹಂಚಬೇಡಿ ಅಂತು. ಅದು ಸಿನಿಮಾ ವ್ಯಾಪಾರ, ನೋಡದಿದ್ರೂ ನಷ್ಟ ಇಲ್ಲ. ಸುದ್ದಿ ಹಾಗಲ್ಲ. ಅಪ್ಪನಿಗೆ ಸಂಪಾದಕೀಯ ಸಿಗದಿದ್ರೆ ಅವರೇನು ಸುಮ್ಮನೆ ಕೂರಲ್ಲ, ಫ್ಯಾಮಿಲಿ ಗ್ರೂಪ್‌ನ ಫಾರ್ವರ್ಡ್ ಓದ್ತಾರೆ. ಅದಕ್ಕೆ ಲಾಗಿನ್ ಬೇಡ, ಡಿವೈಸ್ ಮಿತಿ ಇಲ್ಲ, ಸಂಪೂರ್ಣ ಉಚಿತ. ಪರಿಶೀಲಿಸಿ ಬರೆದ ವರದಿಗೆ ಬೀಗ ಹಾಕಿ, ಸುಳ್ಳಿಗೆ ಬಾಗಿಲು ತೆರೆದಿಟ್ಟು, ಆಮೇಲೆ "ಜನ ವಾಟ್ಸಾಪ್ ನಂಬ್ತಾರೆ" ಅಂತ ಅದೇ ಸಂಪಾದಕೀಯದಲ್ಲಿ ಕಣ್ಣೀರು ಹಾಕೋದು ಯಾವ ಊರಿನ ನ್ಯಾಯ ಸ್ವಾಮಿ?

ದಾರಿ ಇಲ್ಲ ಅಂತೇನಿಲ್ಲ. ಒಂದು ಮನೆಗೆ ನಾಲ್ಕು ಲಾಗಿನ್ ಕೊಡಿ, ಸ್ವಲ್ಪ ಜಾಸ್ತಿ ತಗೊಳ್ಳಿ, ನಾನು ಕೊಡ್ತೀನಿ. ಚಂದಾದಾರರು ಒಳ್ಳೇ ಲೇಖನಗಳನ್ನು ಬೇರೆಯವರಿಗೆ ಉಡುಗೊರೆಯಾಗಿ ಕಳಿಸೋ ಸೌಲಭ್ಯ ನ್ಯೂಯಾರ್ಕ್ ಟೈಮ್ಸ್ ಕೊಟ್ಟಿದೆ, ನಮ್ಮವರಿಗೇನು ಕಷ್ಟ?

ಮುಂದಿನ ಸಲ ನವೀಕರಣದ ಮೇಲ್ ಬಂದಾಗ ಸುಮ್ಮನೆ ಪೇ ಒತ್ತಬೇಡಿ. "ನಮ್ಮ ಮನೇಲಿ ಎಷ್ಟು ಜನ ಓದಬಹುದು?" ಅಂತ ಒಂದು ಸಾಲು ಬರೆದು ಕೇಳಿ. ಉತ್ತರ ಬಂದ ಮೇಲೆ ದುಡ್ಡು ಕಟ್ಟಿ.