ಪಿಕಪ್ಪಿಗೆ ಎರಡನೇ ಟ್ಯಾಂಕು ಬೇಕೇ?

ಪಿಕಪ್ ಗಾಡಿಗೆ ಇನ್ನೊಂದು ಡೀಸೆಲ್ ಟ್ಯಾಂಕು ಕೂರಿಸುವ ಮಾತು ನಮ್ಮ ಕಡೆ ಈಚೆಗೆ ಬಹಳ ಕೇಳಿಬರುತ್ತಿದೆ. ಈರುಳ್ಳಿ ತುಂಬಿಕೊಂಡು ಬೆಂಗಳೂರಿಗೆ ಹೋಗುವ ಹುಡುಗರು, ದಾಳಿಂಬೆ ಹಾಕಿಕೊಂಡು ಇನ್ನೂ ದೂರ ಹೋಗುವವರು, ಕುರಿ ಸಾಗಿಸುವವರು, ಎಲ್ಲರ ಬಾಯಲ್ಲೂ ಇದೇ. ಕ್ಯಾಬಿನ್ ಹಿಂದೆ ಒಂದು ತಗಡಿನ ಪೆಟ್ಟಿಗೆ ವೆಲ್ಡ್ ಮಾಡಿಸಿ, ಅದರಿಂದ ಕೆಳಗಿನ ಟ್ಯಾಂಕಿಗೆ ಒಂದು ಪೈಪು ಬಿಟ್ಟರೆ ಆಯಿತು, ನೂರು ಲೀಟರ್ ಹೆಚ್ಚಿಗೆ ಕೈಯಲ್ಲಿರುತ್ತದೆ, ದಾರಿಯಲ್ಲಿ ಬಂಕಿಗೆ ನಿಲ್ಲುವ ಕಾಟ ತಪ್ಪುತ್ತದೆ ಅನ್ನುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಖರ್ಚು ದಂಡ, ಮೇಲೆ ಅಪಾಯ. ಯಾಕೆ ಅನ್ನುವುದನ್ನು ರೈತರ ಲೆಕ್ಕದಲ್ಲೇ ಹೇಳುತ್ತೇನೆ.

ಸಾಮಾನ್ಯ ಪಿಕಪ್ಪಿನ ಕಂಪನಿ ಟ್ಯಾಂಕು 45ರಿಂದ 60 ಲೀಟರ್ ಹಿಡಿಯುತ್ತದೆ. ಲೋಡಿನಲ್ಲಿ ಲೀಟರಿಗೆ 12 ಕಿ.ಮೀ. ಅಂತ ಹಿಡಿಯಿರಿ. 45 ಲೀಟರಿಗೆ 540 ಕಿ.ಮೀ. ಆಯಿತು. ಚಿತ್ರದುರ್ಗದಿಂದ ಯಶವಂತಪುರದ ಮಾರುಕಟ್ಟೆಗೆ ಸುಮಾರು 200 ಕಿ.ಮೀ., ಹೋಗಿ ಬರಲು 400. ಅಂದರೆ ಊರಲ್ಲಿ ಒಂದು ಸಲ ತುಂಬಿಸಿದರೆ ಹೋಗಿ, ಇಳಿಸಿ, ತಿರುಗಿ ಮನೆಗೆ ಬಂದರೂ ಟ್ಯಾಂಕಿನಲ್ಲಿ ಇನ್ನೂ ಹನ್ನೊಂದು ಹನ್ನೆರಡು ಲೀಟರ್ ಉಳಿದಿರುತ್ತದೆ. ಟಾಟಾ ಏಸಿನಂಥ ಚಿಕ್ಕ ಗಾಡಿಗೆ ಟ್ಯಾಂಕು ಚಿಕ್ಕದು, ಆದರೆ ಅದು ಕುಡಿಯುವುದೂ ಕಡಿಮೆ. ಹಿರಿಯೂರು, ಸಿರಾ, ತುಮಕೂರು ಅಂತ ಹೆದ್ದಾರಿ ಉದ್ದಕ್ಕೂ ಬಂಕುಗಳಿವೆ. ಮರಳುಗಾಡಿನಲ್ಲಿ ಹೋಗುತ್ತಿದ್ದೇವೆಯೇ ನಾವು?

ಹಾಗಾದರೆ ಹೆಚ್ಚಿನ ಟ್ಯಾಂಕು ಯಾಕೆ? ನಮ್ಮ ಪಕ್ಕದ ಹೊಲದ ಹುಡುಗನನ್ನು ಕೇಳಿದೆ. ಅವನು ಹೇಳಿದ್ದು ಇದು: "ದೊಡ್ಡಪ್ಪ, ಯಶವಂತಪುರದಾಗೆ ರೇಟ್ ಬಿದ್ದೈತೆ ಅಂದ್ರೆ ಇಳಿಸೋದೇ ಬ್ಯಾಡ, ಹಂಗೇ ಹೊಸೂರು ಮೇಲೆ ಮದ್ರಾಸಿಗೆ ಹೊಡ್ಕೊಂಡು ಹೋಗಬಹುದು. ಡೀಸೆಲ್ ಇದ್ರೆ ಧೈರ್ಯ ಇರ್ತೈತೆ." ನಿಜವಾದ ಕಾರಣ ಇದೇ ಅಂತ ನನಗೆ ತೋರುತ್ತದೆ. ಬಂಕಿನ ಕಾಟ ಅನ್ನುವುದು ನೆಪ. ಒಂದು ಮಾರ್ಕೆಟ್ಟಿನಲ್ಲಿ ಕೈಕೊಟ್ಟರೆ ಇನ್ನೊಂದಕ್ಕೆ ಓಡುವ ಆಸೆ. ಆ ಆಸೆಯನ್ನು ನಾನು ಬೈಯುವುದಿಲ್ಲ. ಮಳೆ ನಂಬಿ ಬೆಳೆದವನು ಮೂರು ನಾಲ್ಕು ತಿಂಗಳು ಹೊಲದಲ್ಲಿ ಬಗ್ಗಿ, ಕೊನೆಗೆ ಮಂಡಿಯಲ್ಲಿ ದಲ್ಲಾಳಿ ಹೇಳಿದ ರೇಟಿಗೆ ಕೈ ಮುಗಿದು ಬರಬೇಕೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೆ ಧೈರ್ಯಕ್ಕೂ ಒಂದು ಬೆಲೆ ಇದೆ. ಅದನ್ನು ಕೂಡಿಸಿ ನೋಡೋಣ.

2024ರ ಜೂನ್‌ನಲ್ಲಿ ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿ ಲೀಟರಿಗೆ 3 ರೂಪಾಯಿ ಜಾಸ್ತಿಯಾಯಿತು. 2025ರ ಏಪ್ರಿಲ್‌ನಲ್ಲಿ ಇನ್ನೂ 2 ರೂಪಾಯಿ ಏರಿ ಬೆಂಗಳೂರಿನಲ್ಲಿ 91 ರೂಪಾಯಿ ದಾಟಿತು. ಆ 91ರ ಲೆಕ್ಕದಲ್ಲೇ ಹೋಗೋಣ. ಯಶವಂತಪುರಕ್ಕೆ ಹೋಗಿ ಬರಲು 33 ಲೀಟರ್, 3000 ರೂಪಾಯಿ. ಗಾಡಿಯಲ್ಲಿ ಒಂದೂವರೆ ಟನ್ ಈರುಳ್ಳಿ ಇದ್ದರೆ ಕೆ.ಜಿ.ಗೆ 2 ರೂಪಾಯಿ ಡೀಸೆಲ್ಲಿಗೇ ಹೋಯಿತು. ಬೆಂಗಳೂರಿನಿಂದ ಮದ್ರಾಸಿನ ಕೋಯಂಬೇಡು ಮಾರ್ಕೆಟ್ಟು ಸುಮಾರು 350 ಕಿ.ಮೀ. ಹೋಗಿ ಬಂದರೆ 700. ಬರುವಾಗ ಖಾಲಿ ಬರುವುದರಿಂದ ಸ್ವಲ್ಪ ಕಡಿಮೆ ಕುಡಿದೀತು, ಆದರೂ 5000 ರೂಪಾಯಿಗೆ ಮೋಸ ಇಲ್ಲ. ಕೆ.ಜಿ.ಗೆ ಇನ್ನೂ 3 ರೂಪಾಯಿ 30 ಪೈಸೆ ಸೇರಿತು. ಅದರ ಮೇಲೆ ಟೋಲು, ಡ್ರೈವರ್ ಬಾಟಾ, ಟಯರ್ ಸವೆತ, ಇನ್ನೊಂದು ದಿನ. ತಾಟಪಾಲಿನ ಕೆಳಗೆ ಬೆವತ ಈರುಳ್ಳಿ ತೂಕ ಇಳಿಯುವುದು ಬೇರೆ. ಮಳೆಗೆ ಸಿಕ್ಕಿ ಕಿತ್ತ ಈರುಳ್ಳಿ ಆದರೆ ಕೇಳುವುದೇ ಬೇಡ, ಅಲ್ಲಿ ಇಳಿಸುವ ಹೊತ್ತಿಗೆ ವಾಸನೆ. ಅಲ್ಲಿನ ರೇಟು ಇಲ್ಲಿಗಿಂತ ಕೆ.ಜಿ.ಗೆ 5 ರೂಪಾಯಿಯಾದರೂ ಹೆಚ್ಚಿಲ್ಲದಿದ್ದರೆ ಆ ಓಟ ನಷ್ಟವೇ. ಮತ್ತೆ, ಹೆಚ್ಚಿದೆಯೋ ಇಲ್ಲವೋ ಅನ್ನುವುದನ್ನು ಫೋನಿನಲ್ಲಿ ಲೋಡ್ ಮಾಡುವ ಮೊದಲೇ ತಿಳಿಯಬಹುದು. ಅದಕ್ಕೆ ಟ್ಯಾಂಕು ಬೇಕಿಲ್ಲ.

ಬೇರೆ ರಾಜ್ಯದಲ್ಲಿ ಡೀಸೆಲ್ ರೇಟು ಬೇರೆ ಇರುತ್ತದೆ, ಅಗ್ಗ ಇದ್ದ ಕಡೆ ತುಂಬಿಕೊಳ್ಳಬಹುದು ಅನ್ನುವ ವಾದವೂ ಇದೆ. ಆದರೆ 2025ರಲ್ಲಿ ಎರಡು ರೂಪಾಯಿ ಏರಿಸಿದ ಮೇಲೂ ನಮ್ಮಲ್ಲಿ ಆಂಧ್ರ, ತಮಿಳುನಾಡಿಗಿಂತ ಕಡಿಮೆಯೇ ಇತ್ತು. ಗಡಿಯಾಚೆಯ ಗಾಡಿಗಳೇ ನಮ್ಮ ಬಂಕಿಗೆ ಬಂದು ತುಂಬಿಸಿಕೊಂಡು ಹೋಗುತ್ತವೆ. ಊರಲ್ಲಿ ತುಂಬಿಸಿ ಹೊರಡುವವನಿಗೆ ಈ ಲಾಭ ಆಗಲೇ ಸಿಕ್ಕಿದೆ.

ಈಗ ಟ್ಯಾಂಕಿನ ವಿಷಯಕ್ಕೇ ಬರೋಣ. ಒಂದು ಲೀಟರ್ ಡೀಸೆಲ್ ತೂಕ ಸುಮಾರು 830 ಗ್ರಾಂ. ನೂರು ಲೀಟರಿಗೆ 83 ಕೆ.ಜಿ. ಪೆಟ್ಟಿಗೆಯ ಕಬ್ಬಿಣ ಸೇರಿಸಿದರೆ ನೂರರ ಹತ್ತಿರ. ಅಂದರೆ ಐವತ್ತು ಕೆ.ಜಿ.ಯ ಎರಡು ಪ್ಯಾಕೆಟ್ ಈರುಳ್ಳಿ ಕೆಳಗಿಳಿಸಿ ಡೀಸೆಲ್ ಹೊತ್ತುಕೊಂಡು ಹೋದಂತೆ. ಇಳಿಸದೆ ಹೋದರೆ ಓವರ್‌ಲೋಡು. ಅರ್ಧ ಖಾಲಿಯಾದ ಮೇಲೆ ಒಳಗಿನ ಎಣ್ಣೆ ತಿರುವಿನಲ್ಲಿ, ಬ್ರೇಕಿನಲ್ಲಿ ಅತ್ತಿತ್ತ ಹೊಡೆಯುತ್ತದೆ. ಕಂಪನಿ ಟ್ಯಾಂಕನ್ನು ಅದಕ್ಕೆಂದೇ ಯೋಚಿಸಿ ಮಾಡಿ, ಭಾರ ತಗ್ಗಿನಲ್ಲಿ ಬರುವಂತೆ ಚಾಸಿಗೆ ಕೂರಿಸಿರುತ್ತಾರೆ. ವೆಲ್ಡಿಂಗ್ ಅಂಗಡಿಯ ಪೆಟ್ಟಿಗೆಯಲ್ಲಿ ಒಳಗೆ ಅಡ್ಡ ತಗಡು ಹಾಕಿದವರನ್ನು ನಾನು ಕಾಣೆ.

ನಮ್ಮವರು ತುಕ್ಕು ಹಿಡಿಯಬಾರದು ಅಂತ ಜಿ.ಐ. ಶೀಟಿನಲ್ಲಿ ಮಾಡಿಸುತ್ತಾರೆ. ನೀರಿಗೆ ಅದು ಒಳ್ಳೆಯದು, ಡೀಸೆಲ್ಲಿಗೆ ಅಲ್ಲ. ಆ ಶೀಟಿನ ಮೇಲಿರುವ ಸತುವು ಡೀಸೆಲ್ಲಿನ ಜೊತೆ ಸೇರಿ ಸಾಬೂನಿನಂಥ ಜಿಗುಟಾಗುತ್ತದೆ. ಅದು ಫಿಲ್ಟರಿನಲ್ಲಿ, ಇಂಜೆಕ್ಟರಿನ ಬಾಯಲ್ಲಿ ಕೂರುತ್ತದೆ. ಹಳೇ ಗಾಡಿಗಳ ಪಂಪು ಒರಟು, ಸ್ವಲ್ಪ ಕಸ ತಿಂದರೂ ಓಡುತ್ತಿದ್ದವು. ಈಗಿನ ಕಾಮನ್‌ರೈಲ್ ಎಂಜಿನ್ ಹಾಗಲ್ಲ. ಅದರ ಇಂಜೆಕ್ಟರಿನ ತೂತು ಕೂದಲಷ್ಟು ಸಣ್ಣ. ಒಂದು ಚಿಟಿಕೆ ತುಕ್ಕು, ಒಂದು ಗುಟುಕು ನೀರು ಸಾಕು. ಆಮೇಲೆ ಗ್ಯಾರೇಜಿನವನು ಹೇಳುವ ಮೊತ್ತ ಕೇಳಿದರೆ ಆ ವರ್ಷದ ಶೇಂಗಾ ಮಾರಿದ್ದು ಅಲ್ಲಿಗೇ.

ಉಸಿರು ಕೊಳವೆಯ ವಿಷಯವನ್ನು ಕೆರೆ ಹೇಳಿ ತಿಳಿಸುವುದು ಸುಲಭ. ನಮ್ಮ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಕಾಲದ ಕೆರೆಯ ಶಾಸನ ಇದೆ, 1600 ವರ್ಷಕ್ಕೂ ಹಿಂದಿನದು. ಅಂದಿನಿಂದಲೂ ಈ ಸೀಮೆಯವರಿಗೆ ಗೊತ್ತು, ಕೆರೆ ಅಂದ ಮೇಲೆ ತೂಬೂ ಬೇಕು, ಕೋಡಿಯೂ ಬೇಕು ಅಂತ. ಡೀಸೆಲ್ ಟ್ಯಾಂಕಿಗೂ ಹಾಗೇ. ಎಣ್ಣೆ ಹೋದಷ್ಟು ಗಾಳಿ ಒಳಗೆ ಬರಬೇಕು. ಗಾಳಿ ಬರುವ ಕೊಳವೆ ಇಲ್ಲದಿದ್ದರೆ ಎಣ್ಣೆ ಇಳಿಯುವುದಿಲ್ಲ, ಪಂಪು ಎಳೆದೂ ಎಳೆದೂ ಏರ್ ಹಿಡಿದು ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಕೊಳವೆ ಇಟ್ಟರೂ ಅಡ್ಡಾದಿಡ್ಡಿ ಇಟ್ಟರೆ ಮಳೆನೀರು ಒಳಗೆ. ಇನ್ನು ಎಂಜಿನ್ ತನಗೆ ಹೆಚ್ಚಾದ ಡೀಸೆಲ್ಲನ್ನು ರಿಟರ್ನ್ ಪೈಪಿನಲ್ಲಿ ಹಿಂದಕ್ಕೆ ಕಳಿಸುತ್ತಿರುತ್ತದೆ. ಮೇಲಿನ ಟ್ಯಾಂಕಿನಿಂದ ಇಳಿಯುವುದು ಒಂದು ಕಡೆ, ಎಂಜಿನ್ನಿನಿಂದ ತಿರುಗಿ ಬರುವುದು ಒಂದು ಕಡೆ, ಕೆಳಗಿನ ಟ್ಯಾಂಕು ತುಂಬಿ ಹೊರಗೆ ಚೆಲ್ಲುತ್ತದೆ. ಇದನ್ನು ತಪ್ಪಿಸಲು ನಡುವೆ ಒಂದು ಕಾಕ್ ಇಡುತ್ತಾರೆ. ರಾತ್ರಿ ಎರಡು ಗಂಟೆಗೆ ಆ ಕಾಕ್ ತಿರುಗಿಸುವ ನೆನಪು ಯಾರಿಗಿರುತ್ತದೆ? ಎರಡು ಟ್ಯಾಂಕಿನ ನಡುವಿನ ಪೈಪು ಚಾಸಿ ಕೆಳಗೆ ಹೋಗಿದ್ದರೆ ಹೊಲದ ದಾರಿಯ ಒಂದು ಕಲ್ಲು ತಾಗಿ ಎರಡೂ ಟ್ಯಾಂಕು ಒಟ್ಟಿಗೆ ಖಾಲಿ.

ಚೆಲ್ಲಿದ ಡೀಸೆಲ್ಲಿಗೆ ಪೆಟ್ರೋಲಿನಂತೆ ಬೇಗ ಬೆಂಕಿ ಹತ್ತುವುದಿಲ್ಲ, ನಿಜ. ಆದರೆ 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಬ್ಬಿಯೊಂದು ಸೈಲೆನ್ಸರ್ ಸಾಲಿನಲ್ಲಿರುತ್ತದೆ. ಅದು ಆಗಾಗ ಆ ಮಸಿಯನ್ನು ತಾನೇ ಸುಟ್ಟುಕೊಳ್ಳುವಾಗ 600 ಡಿಗ್ರಿ ಹತ್ತಿರ ಕಾಯುತ್ತದೆ. ಅದರ ಮೇಲೆ ಡೀಸೆಲ್ ತೊಟ್ಟಿಕ್ಕಿದರೆ? ಮೇಲೆ ಶೇಂಗಾ ಹೊಟ್ಟು ಒಟ್ಟಿದ್ದರೆ? 2020ರ ಆಗಸ್ಟ್‌ನಲ್ಲಿ ನಮ್ಮ ಹಿರಿಯೂರು ತಾಲ್ಲೂಕಿನ ಹೆದ್ದಾರಿಯಲ್ಲಿ, ವಿಜಯಪುರದಿಂದ ಬೆಂಗಳೂರಿಗೆ ಹೋಗುತ್ತಿದ್ದ ಬಸ್ಸಿಗೆ ರಾತ್ರಿ ಬೆಂಕಿ ಹತ್ತಿ 5 ಜನ ಸತ್ತರು. ಅದಕ್ಕೂ ಈ ಎರಡನೇ ಟ್ಯಾಂಕಿಗೂ ಸಂಬಂಧವಿಲ್ಲ. ಡೀಸೆಲ್ ಗಾಡಿ ಉರಿಯುವುದಿಲ್ಲ ಅನ್ನುವವರಿಗೆ ಹೇಳಿದೆ, ಅಷ್ಟೆ.

ಕಾನೂನನ್ನೂ ಒಂದು ಮಾತು ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಗಾಡಿ ಮಾಡಿದ ಕಂಪನಿ ಕೊಟ್ಟ ವಿವರಕ್ಕೂ ಆರ್.ಸಿ.ಗೂ ತಾಳೆಯಾಗದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಗಟ್ಟಿಯಾಗಿ ಎತ್ತಿಹಿಡಿದಿದೆ. ಸರಕು ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಎಫ್.ಸಿ. ಮಾಡಿಸಲೇಬೇಕು. ಪ್ರತಿ ಸಲ ಟ್ಯಾಂಕು ಬಿಚ್ಚಿಟ್ಟು ಹೋಗುತ್ತೀರಾ? ಅಪಘಾತವಾದಾಗ ಇನ್ಶೂರೆನ್ಸಿನವರು ಹಣ ಕೊಡದಿರಲು ಕಾರಣ ಹುಡುಕುತ್ತಾರೆ. ನಾವೇ ವೆಲ್ಡ್ ಮಾಡಿ ಅವರ ಕೈಗೆ ಕೊಡುವುದು ಯಾಕೆ? ಕಂತು ತೀರದ ಗಾಡಿ ಸುಟ್ಟರೂ ಕಂತು ಸುಡುವುದಿಲ್ಲ.

ಬಂಕಿಗೆ ನಿಲ್ಲುವ ಹತ್ತು ನಿಮಿಷವನ್ನು ನಮ್ಮ ಹುಡುಗರು ನಷ್ಟ ಅಂತ ತಿಳಿದಿದ್ದಾರೆ. ಹಗಲೆಲ್ಲ ಈರುಳ್ಳಿ ಕೊಯ್ದು, ಗ್ರೇಡ್ ಮಾಡಿ, ಪ್ಯಾಕೆಟ್ ಹೊಲಿದು, ಲೋಡ್ ಮಾಡಿ, ರಾತ್ರಿ ಹತ್ತಕ್ಕೆ ಸ್ಟೇರಿಂಗ್ ಹಿಡಿಯುವವರು ಇವರು. ಆ ಹತ್ತು ನಿಮಿಷದಲ್ಲಿ ಕೆಳಗಿಳಿದು ಮುಖ ತೊಳೆದು, ಹಗ್ಗ ಬಿಗಿಯಾಗಿದೆಯಾ, ಟಯರ್ ಕಾದಿದೆಯಾ ನೋಡಿ, ಒಂದು ಚಾ ಕುಡಿದರೆ ಬೆಳಗಿನ ಜಾವದ ತೂಕಡಿಕೆ ಸ್ವಲ್ಪವಾದರೂ ತಪ್ಪುತ್ತದೆ. ಗಾಡಿ ನಿಲ್ಲಬೇಕಾಗಿಲ್ಲ ಅಂದರೆ ಇವರು ನಿಲ್ಲಿಸುವುದೇ ಇಲ್ಲ. ಹೆಚ್ಚಿನ ಟ್ಯಾಂಕಿನಲ್ಲಿ ನನಗೆ ಹೆಚ್ಚು ಭಯ ತರಿಸುವುದು ಇದೇ.

ನಿಜ ಹೇಳಬೇಕೆಂದರೆ ದೂರದ ಸಾಗಣೆ ಪಿಕಪ್ಪಿನ ಕೆಲಸವೇ ಅಲ್ಲ. ಒಂದೂವರೆ ಟನ್ನಿಗೆ 33 ಲೀಟರ್ ಅಂದರೆ ಟನ್ನಿಗೆ 22 ಲೀಟರ್ ಆಯಿತು. ಹತ್ತು ಟನ್ನಿನ ಲಾರಿ ಲೀಟರಿಗೆ 4 ಕಿ.ಮೀ. ಕೊಟ್ಟರೂ ಅದೇ 400 ಕಿ.ಮೀ.ಗೆ ಟನ್ನಿಗೆ 10 ಲೀಟರ್ ಸಾಕು. ಲಾರಿಗೆ ವಾಪಸು ಬರುವ ಬಾಡಿಗೆಯೂ ಸಿಗುತ್ತದೆ, ನಮ್ಮ ಪಿಕಪ್ಪು ಹೆಚ್ಚಾಗಿ ಖಾಲಿ ಬರುತ್ತದೆ. "ಲಾರಿ ತುಂಬೋವಷ್ಟು ಮಾಲು ನಮ್ಮ ಹತ್ರ ಎಲ್ಲೈತೆ?" ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ಎರಡು ಎಕರೆಯವನು ಲಾರಿಯವನಿಗೆ ಕಾಯುತ್ತಾ ಕೂತರೆ ಮೇಲೆ ಮೋಡ ಕಟ್ಟಿರುತ್ತದೆ. ತನ್ನ ಮಾಲು ತಾನೇ ನಿಂತು ತೂಗಿಸಬೇಕು ಅನ್ನುವುದೂ ನ್ಯಾಯವೇ, ಬೇರೆಯವರ ಕೈಗೆ ಕೊಟ್ಟು ಪಟ್ಟಿ ನೋಡಿ ಬೆಚ್ಚಿಬಿದ್ದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೂ ಒಂದೇ ಊರಲ್ಲಿ ಒಂದೇ ವಾರ ಬಿತ್ತಿದ ಆರೇಳು ಜನರ ಈರುಳ್ಳಿ ಒಂದೇ ವಾರ ಕಟಾವಿಗೆ ಬರುತ್ತದೆ. ಪ್ಯಾಕೆಟ್ಟಿಗೆ ಬಣ್ಣದ ಗುರುತು ಹಾಕಿ ಒಂದೇ ಲಾರಿಗೆ ಏರಿಸಿ, ನಂಬಿಕೆಯ ಇಬ್ಬರು ಜೊತೆಗೆ ಹೋದರೆ ಸಾಲದೇ? ಪಿಕಪ್ಪು ಹೊಲದಿಂದ ರಸ್ತೆಗೆ, ಊರಿಂದ ದುರ್ಗಕ್ಕೆ, ಚಳ್ಳಕೆರೆಗೆ ಓಡಲಿ. ಅದಕ್ಕೆ ಈಗಿರುವ ಟ್ಯಾಂಕೇ ಧಾರಾಳ.

ಇಷ್ಟಾದರೂ ಯಾವಾಗಲಾದರೂ ದೂರ ಹೋಗಲೇಬೇಕಾಗುತ್ತದೆ, ಒಂದಿಷ್ಟು ಕೈಗಾವಲಿಗೆ ಇರಲಿ ಅನ್ನುವವರು ಇಪ್ಪತ್ತು ಲೀಟರಿನ ಒಂದು ಮಿಲಿಟರಿ ಕ್ಯಾನು ಇಟ್ಟುಕೊಳ್ಳಲಿ. ಅದರಲ್ಲಿ 240 ಕಿ.ಮೀ. ಇದೆ. ಎರಡನೇ ಮಹಾಯುದ್ಧದಲ್ಲಿ ಮರಳುಗಾಡಿನಲ್ಲಿ ಇಂಗ್ಲಿಷರ ತಗಡಿನ ಡಬ್ಬಿಗಳು ಸೋರಿ ಸೋರಿ ಎಣ್ಣೆ ದಾರಿಯಲ್ಲೇ ಹಾಳಾಗುತ್ತಿತ್ತಂತೆ. ಜರ್ಮನರ ಕ್ಯಾನು ಸೋರುತ್ತಿರಲಿಲ್ಲ. ಅದನ್ನು ನೋಡಿಯೇ ಇವರೂ ಮಾಡಿಸಿಕೊಂಡರು. ಜೆರಿಕ್ಯಾನ್ ಅನ್ನುವ ಹೆಸರು ಬಂದದ್ದು ಹೀಗೆ. ಮೇಲೆ ಮೂರು ಹಿಡಿ ಇಟ್ಟದ್ದು ಇಬ್ಬರು ಸೇರಿ ಹಿಡಿಯಲೂ ಬರಲಿ, ಖಾಲಿ ಕ್ಯಾನಾದರೆ ಒಂದು ಕೈಯಲ್ಲಿ ಎರಡು ಒಯ್ಯಲೂ ಬರಲಿ ಅಂತ.

ಡೀಸೆಲ್ ಸ್ವಂತಕ್ಕೆ ಹೀಗೆ ಒಯ್ಯುವುದಕ್ಕೆ 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಲೈಸೆನ್ಸು ಬೇಕಿಲ್ಲ, ಅಲ್ಲಿನ ಮಿತಿ 2500 ಲೀಟರ್. ಪೆಟ್ರೋಲಿನ ನಿಯಮ ಬೇರೆ, ಬಹಳ ಬಿಗಿ. ಕ್ಯಾನನ್ನು ಕತ್ತಿನವರೆಗೆ ತುಂಬಿಸಬೇಡಿ, ಬಿಸಿಲಿಗೆ ಡೀಸೆಲ್ ಉಬ್ಬುತ್ತದೆ. ಕ್ಯಾಬಿನ್ ಒಳಗೆ ಬೇಡ. ನೆಟ್ಟಗೆ ನಿಲ್ಲಿಸಿ, ಸೈಲೆನ್ಸರ್ ಇಲ್ಲದ ಮಗ್ಗುಲಿಗೆ ಕಟ್ಟಿ. ಬಿಳಿ ಪ್ಲಾಸ್ಟಿಕ್ ಕ್ಯಾನು ಎರಡು ಬೇಸಿಗೆಗೆ ಪುಡಿಪುಡಿ, ಅದು ಪಂಪ್‌ಸೆಟ್ಟಿನ ಹತ್ತಿರವೇ ಇರಲಿ. ಟ್ಯಾಂಕಿಗೆ ಸುರಿಯುವಾಗ ಸಣ್ಣ ಜಾಲರಿ ಇರುವ ಲಾಳಿಕೆ ಬಳಸಿ.

ನನ್ನ ಲೆಕ್ಕದಲ್ಲಿ 12 ಕಿ.ಮೀ. ಹಿಡಿದಿದ್ದೇನೆ. ಗಾಡಿ ಇರುವವರು ಟ್ಯಾಂಕು ತುಂಬಿಸಿ, ಲೋಡಿನಲ್ಲಿ ಹೋಗಿ ಬಂದು, ಮತ್ತೆ ತುಂಬಿಸಿ ನೋಡಿ. ನಿಮ್ಮ ಗಾಡಿ ಎಷ್ಟು ಕೊಟ್ಟಿತು ಅಂತ ಪತ್ರಿಕೆಗೆ ಒಂದು ಕಾರ್ಡು ಹಾಕಿ.